ತೀರವನ್ನೂ ಒಮ್ಮೆ ಕೇಳಬೇಕು

ಕಾಪುವಿನ ದೀಪಸ್ತಂಭದ ಬುಡದಲ್ಲಿ ಈಚೆಗೆ ಯುವಕನೊಬ್ಬ ಗೆಳೆಯರಿಗೆ ಹೇಳುತ್ತಿದ್ದ: ‘ಜಿಪಿಎಸ್ ಬಂದ ಮೇಲೆ ಇದರ ಅಗತ್ಯವೇನು? ಫೋಟೊ ತೆಗೆಯಲು ಚೆನ್ನಾಗಿದೆ, ಅಷ್ಟೇ.’ ವಾಣಿಜ್ಯ ನೌಕೆಗಳಲ್ಲಿ ಮೂರು ದಶಕ ದುಡಿದು ನಿವೃತ್ತನಾದ ನನಗೆ ಆ ಮಾತು ಚುಚ್ಚಿತು. ಆದರೆ ಅವನನ್ನು ದೂರುವಂತಿಲ್ಲ. ಹಡಗುಗಳನ್ನು ನಡೆಸುವವರಲ್ಲಿಯೂ ಇದೇ ಭಾವನೆ ಬೇರೂರುತ್ತಿದೆ.

ನಡುಗಡಲಿನಲ್ಲಿ ಹಡಗಿನ ಸ್ಥಾನ ಒಂದೆರಡು ಮೈಲಿ ತಪ್ಪಿದರೂ ಸಾಮಾನ್ಯವಾಗಿ ಅನಾಹುತವಾಗುವುದಿಲ್ಲ. ದಡ ಸಮೀಪಿಸಿದಂತೆ ಬಂಡೆ, ಮರಳುದಿಬ್ಬ, ಮೀನುಗಾರರ ದೋಣಿಗಳು ಎದುರಾಗುತ್ತವೆ. ಅಲ್ಲಿ ಅರ್ಧ ಮೈಲಿಯ ತಪ್ಪೂ ದುಬಾರಿ. ಅದೃಷ್ಟವಶಾತ್ ನೆರವೂ ಅಲ್ಲಿಯೇ ಇದೆ. ದೀಪಸ್ತಂಭ, ಗುಡ್ಡದ ನೆತ್ತಿ ಅಥವಾ ದ್ವೀಪದ ಅಂಚಿನ ದಿಕ್ಕನ್ನು ದಿಕ್ಸೂಚಿಯಿಂದ ಅಳೆದು ನಕ್ಷೆಯ ಮೇಲೆ ಗೆರೆ ಎಳೆದರೆ, ಹಡಗು ಆ ಗೆರೆಯ ಮೇಲೆ ಎಲ್ಲೋ ಇದೆ ಎಂದರ್ಥ. ಇನ್ನೊಂದು ಗುರುತಿನಿಂದ ಎರಡನೆಯ ಗೆರೆ ಎಳೆದರೆ ಎರಡೂ ಒಂದು ಬಿಂದುವಿನಲ್ಲಿ ಕೂಡುತ್ತವೆ. ಆದರೆ ತಪ್ಪು ಗೆರೆಗಳೂ ಎಲ್ಲಾದರೊಂದು ಕಡೆ ಕೂಡಿಯೇ ಕೂಡುತ್ತವಲ್ಲ! ಆದ್ದರಿಂದಲೇ ಮೂರನೆಯ ಗೆರೆ ಬೇಕು. ಮೂರೂ ಒಂದೇ ಬಿಂದುವಿನಲ್ಲಿ ಸೇರುವುದು ಅಪರೂಪ. ಸಾಮಾನ್ಯವಾಗಿ ಸಣ್ಣದೊಂದು ತ್ರಿಕೋನ ಮೂಡುತ್ತದೆ. ಅದು ಚಿಕ್ಕದಾಗಿದ್ದರೆ ಭರವಸೆಯಿಂದ ಮುಂದುವರಿಯಬಹುದು. ದೊಡ್ಡದಾಗಿದ್ದರೆ ಎಲ್ಲೋ ಎಡವಟ್ಟಾಗಿದೆ. ಮತ್ತೆ ಅಳೆದು ನೋಡುವವರೆಗೆ, ಅಪಾಯಕ್ಕೆ ಅತಿ ಸಮೀಪದ ಮೂಲೆಯಲ್ಲಿದ್ದೇವೆ ಎಂದೇ ಭಾವಿಸಬೇಕೆಂಬುದು ನಮಗೆ ಕಲಿಸಿದ ಪಾಠ.

ಆ ಪಾಠ ನನ್ನನ್ನು ಒಮ್ಮೆ ಉಳಿಸಿತು. 1980ರ ದಶಕದಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗ ಒಂದು ರಾತ್ರಿ ನಾನೆಳೆದ ಮೂರು ಗೆರೆಗಳು ಅಂಗೈಯಗಲದ ತ್ರಿಕೋನವನ್ನು ಮೂಡಿಸಿದವು. ಕ್ಯಾಪ್ಟನ್ ಗದರಲಿಲ್ಲ. ಕೈಗೆ ನಿಲುಗಡಿಯಾರ ಕೊಟ್ಟು, ದೀಪದ ಮಿಂಚುಗಳನ್ನು ಎಣಿಸಲು ಹೇಳಿದರು. ಪ್ರತಿ ದೀಪಸ್ತಂಭಕ್ಕೂ ತನ್ನದೇ ಆದ ಮಿನುಗಿನ ಲಯವಿರುತ್ತದೆ. ಎಣಿಸಿದಾಗ ತಿಳಿಯಿತು, ನಾನು ನೋಡುತ್ತಿದ್ದುದು ನಾನು ಅಂದುಕೊಂಡಿದ್ದ ದೀಪವೇ ಅಲ್ಲ. ನಾವು ದಡಕ್ಕೆ ಬರಬೇಕಾದುದಕ್ಕಿಂತ ಬಹಳ ಹತ್ತಿರವಿದ್ದೆವು. ನನ್ನ ತಪ್ಪನ್ನು ಮೊದಲು ಹೇಳಿದ್ದು ಆ ತ್ರಿಕೋನ.

ಪರದೆಯ ಮೇಲಿನ ಜಿಪಿಎಸ್ ಬಿಂದುವಿಗೆ ಈ ಗುಣವಿಲ್ಲ. ಅದು ಸರಿಯಿದ್ದಾಗ ಎಷ್ಟು ಖಚಿತವಾಗಿ ಕಾಣುತ್ತದೆಯೋ ತಪ್ಪಿದಾಗಲೂ ಬಹುಮಟ್ಟಿಗೆ ಅಷ್ಟೇ ಖಚಿತವಾಗಿ ಕಾಣುತ್ತದೆ. 1995ರ ಜೂನ್‌ನಲ್ಲಿ ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿದ್ದ ‘ರಾಯಲ್ ಮೆಜೆಸ್ಟಿ’ ಎಂಬ ಪ್ರವಾಸಿ ಹಡಗಿನ ಕಥೆ ಇದಕ್ಕೆ ನಿದರ್ಶನ. ಹೊರಟ ಸ್ವಲ್ಪ ಹೊತ್ತಿನಲ್ಲೇ ಜಿಪಿಎಸ್ ಆಂಟೆನಾದ ತಂತಿ ಕಳಚಿತು. ಉಪಕರಣವು ವೇಗ ಮತ್ತು ದಿಕ್ಕಿನ ಆಧಾರದ ಮೇಲೆ ಸ್ಥಾನವನ್ನು ಅಂದಾಜಿಸತೊಡಗಿತು. ಅದರ ಸಣ್ಣ ಸೂಚನೆ ಯಾರ ಕಣ್ಣಿಗೂ ಬೀಳಲಿಲ್ಲ. ಗಾಳಿ ಮತ್ತು ಪ್ರವಾಹ ಹಡಗನ್ನು ಸುಮಾರು 17 ಮೈಲಿ ಪಕ್ಕಕ್ಕೆ ತಳ್ಳಿದವು. ಮರುದಿನ ರಾತ್ರಿ ಅದು ನಾಂಟಕೆಟ್ ದ್ವೀಪದ ಬಳಿ ಮರಳುದಿಬ್ಬಕ್ಕೆ ಏರಿತು. 1,500ಕ್ಕೂ ಹೆಚ್ಚು ಜನ ಅದರಲ್ಲಿದ್ದರು, ಜೀವಹಾನಿಯಾಗದಿದ್ದುದು ಪುಣ್ಯ. ಸರಿಯಾದ ಸ್ಥಾನವನ್ನು ತೋರಿಸುತ್ತಿದ್ದ ಲೋರಾನ್ ಎಂಬ ಇನ್ನೊಂದು ಉಪಕರಣ ಅದೇ ಕೊಠಡಿಯಲ್ಲಿತ್ತು. ಎರಡನ್ನೂ ಹೋಲಿಸಿ ನೋಡಿದವರಿರಲಿಲ್ಲ.

ಅದು ತಂತಿಯ ದೋಷ. ಈಗ ಬೇಕೆಂದೇ ದಾರಿ ತಪ್ಪಿಸುವವರಿದ್ದಾರೆ. 2017ರಲ್ಲಿ ಕಪ್ಪು ಸಮುದ್ರದಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಹಡಗುಗಳನ್ನು ಜಿಪಿಎಸ್ ನೆಲದ ಮೇಲಿನ ವಿಮಾನ ನಿಲ್ದಾಣದಲ್ಲಿ ‘ನಿಲ್ಲಿಸಿತ್ತು’. 2025ರ ಜೂನ್‌ನಲ್ಲಿ ಹಾರ್ಮುಜ್ ಜಲಸಂಧಿಯ ಸುತ್ತ ನೂರಾರು ಹಡಗುಗಳ ಸಂಕೇತಗಳು ಅಸ್ತವ್ಯಸ್ತಗೊಂಡವು. ನಮ್ಮ ತೈಲದ ದೊಡ್ಡ ಪಾಲು ಬರುವುದು ಆ ಭಾಗದಿಂದ. ಅಲ್ಲಿ ಸಂಚರಿಸುವ ಹಡಗುಗಳಲ್ಲಿ ನಮ್ಮ ನಾವಿಕರು ಗಣನೀಯ ಸಂಖ್ಯೆಯಲ್ಲಿದ್ದಾರೆ. ನಮ್ಮದೇ ‘ನಾವಿಕ್’ ಇದೆಯಲ್ಲ ಎನ್ನಬಹುದು. ಅದು ಹೆಮ್ಮೆಯ ಸಾಧನೆಯೇ. ಆದರೆ ಜಿಪಿಎಸ್‌ನಂತೆ ಅದೂ ಆಕಾಶದಿಂದ ಬರುವ ದುರ್ಬಲ ರೇಡಿಯೊ ಸಂಕೇತವನ್ನೇ ನಂಬಿದೆ. ಒಂದೇ ಬಗೆಯ ಅಪಾಯಕ್ಕೆ ಒಡ್ಡಿಕೊಂಡ ಇಬ್ಬರು ಸಾಕ್ಷಿಗಳನ್ನು ಸ್ವತಂತ್ರ ಸಾಕ್ಷಿಗಳೆನ್ನಲಾಗದು.

ಜಿಪಿಎಸ್ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಅದನ್ನು ಕಡೆಗಣಿಸಿ ಹಿಂದಕ್ಕೆ ಹೋಗೋಣ ಎಂಬುದು ನನ್ನ ವಾದವಲ್ಲ. ದಡ ಕಾಣುವಷ್ಟು ಹೊತ್ತು ದಡವನ್ನೂ ಕೇಳೋಣ ಎಂಬುದಷ್ಟೇ ನನ್ನ ಕೋರಿಕೆ. ಕಣ್ಣಳತೆಯ ದಿಕ್ಕು, ರೇಡಾರ್ ಕೊಡುವ ದೂರ, ನೀರಿನ ಆಳ ಇವು ಯಾವುದೂ ಉಪಗ್ರಹವನ್ನು ಅವಲಂಬಿಸಿಲ್ಲ. ಇವುಗಳಿಂದ ಸ್ಥಾನವನ್ನು ತಾಳೆ ನೋಡಲು ಪಳಗಿದವರಿಗೆ ಕೆಲವೇ ನಿಮಿಷ ಸಾಕು. ನಾವಿಕ ಶಿಕ್ಷಣದಲ್ಲಿ ಇದು ಪರೀಕ್ಷೆಗೆ ಓದಿ ಮರೆಯುವ ಅಧ್ಯಾಯವಾಗಬಾರದು. ಪ್ರತಿ ಪಾಳಿಯ ಅಭ್ಯಾಸವಾಗಬೇಕು. ನನ್ನ ಬಾಲ್ಯದಲ್ಲಿ ನಮ್ಮೂರಿನ ಮೀನುಗಾರರು ದಡದ ಎರಡು ಗುರುತುಗಳನ್ನು ಒಂದೇ ಸಾಲಿಗೆ ತಂದು ಕಡಲಿನಲ್ಲಿ ತಮ್ಮ ಜಾಗವನ್ನು ಕಂಡುಕೊಳ್ಳುತ್ತಿದ್ದರು. ಆ ವಿದ್ಯೆ ಬಲ್ಲ ಹಿರಿಯರು ಇರುವಾಗಲೇ ದೋಣಿ ನಡೆಸುವ ಯುವಕರಿಗೆ ಅದನ್ನು ದಾಟಿಸುವ ಏರ್ಪಾಡು ಆಗಬೇಕು.

ದೀಪಸ್ತಂಭಗಳು ಪ್ರವಾಸಿ ತಾಣಗಳಾಗುವುದಕ್ಕೆ ನನ್ನ ತಕರಾರಿಲ್ಲ; ಜನ ಬರಲಿ, ಫೋಟೊ ತೆಗೆದುಕೊಳ್ಳಲಿ. ಆದರೆ 1901ರಿಂದ ನಿಂತಿರುವ ಕಾಪುವಿನ ಆ ಕಂಬ ಇಂದಿಗೂ ಪ್ರತಿ ರಾತ್ರಿ ಬೆಳಗುವುದು ಪ್ರವಾಸಿಗರಿಗಾಗಿ ಅಲ್ಲ. ಅದನ್ನು ಎಣಿಸುವ ಕಣ್ಣೊಂದು ಹಡಗಿನಲ್ಲಿ ಎಚ್ಚರವಾಗಿರಬೇಕು.