ಮತ್ತೆ ಭಜನಿಗೆ...

ಆರು ವರ್ಷ ಬೆಂಗಳೂರು, ಕೋಡು, ಡೆಡ್‌ಲೈನು. ತಬಲಾ ಜಲನಗರದ ಮನೆಯಲ್ಲೇ ಧೂಳು ತಿನ್ನುತ್ತಿತ್ತು. ಈಗ ಮನೆಯಿಂದಲೇ ಕೆಲಸ. "ಮೊದಲು ಪ್ರಾಕ್ಟೀಸ್ ಆಗಲಿ, ಆಮೇಲೆ ಭಜನಿಗೆ ಹೋಗೋಣ" ಅಂತ ಒಂದು ವರ್ಷ ತಳ್ಳಿದೆ. ಅದು ಬರೀ ನೆಪ ಗೆಳೆಯರೇ!

ಶ್ರಾವಣ ಸೋಮವಾರ ರಾತ್ರಿ ಗುಡಿಗೆ ಹೋದೆ. ಶರೀಫಜ್ಜನ ಪದಕ್ಕೆ ಲಯ ಏರುತ್ತಿದ್ದಂತೆ ನನ್ನ ಬೆರಳು ಹಿಂದೆ ಬಿದ್ದವು. ಪೇಟಿ ಬಾರಿಸುವ ಕಾಕಾ ನಗಲಿಲ್ಲ. ಲಯ ಇಳಿಸಿ "ಬಾರಪಾ, ಸಮಕ್ಕ ಬಾ" ಅಂದರು. ಮೊಬೈಲಿನ ಲೆಹರಾ ಹೀಗೆ ಯಾರಿಗೂ ಕಾಯುವುದಿಲ್ಲ. ಜಾಝ್‌ನವರು ಜಾಮ್‌ಗೆ ಕೂಡುವುದೂ ಇದಕ್ಕೇ ಇರಬೇಕು.

1580ರಿಂದ 1627ರವರೆಗೆ ಈ ಊರನ್ನಾಳಿದ ಎರಡನೇ ಇಬ್ರಾಹಿಂ ಆದಿಲ್‌ಶಾ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ನನ್ನ ತಬಲಾಕ್ಕೆ ಹೆಸರಿಲ್ಲ, ಸದ್ಯಕ್ಕೆ ಶ್ರುತಿಯೂ ಇಲ್ಲ :) ಮುಂದಿನ ಸೋಮವಾರ ತಾಳ ಹಿಡಿದು ಹಿಂದೆ ಕೂರುತ್ತೇನೆ.