ಸೀಟು ಸಿಗದವರ ಕೋರ್ಸ್ ಅಂದವರಿಗೆ

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ಬಿಎಸ್ಸಿ ಎಂಎಲ್‌ಟಿ ಬಗ್ಗೆ, ಅಂದರೆ ವೈದ್ಯಕೀಯ ಲ್ಯಾಬ್ ವಿಜ್ಞಾನದ ಪದವಿಯ ಬಗ್ಗೆ, ಅರ್ಧ ಗಂಟೆ ಮಾತಾಡಿ ಬಂದೆ. ಮಕ್ಕಳು ಸುಮ್ಮನೆ ಕೇಳಿಸಿಕೊಂಡರು. ಸುಮ್ಮನಿರಲಾಗದೆ ಹೋದದ್ದು ದೊಡ್ಡವರಿಗೆ. ಊಟದ ಹೊತ್ತಿಗೆ ಒಬ್ಬ ಉಪನ್ಯಾಸಕರು, ಗೇಟಿನ ಬಳಿ ಇಬ್ಬರು ಪೋಷಕರು, ರಾತ್ರಿ ಫೋನಿನಲ್ಲಿ ನನ್ನ ಸ್ವಂತ ಭಾವ, ಒಬ್ಬೊಬ್ಬರದು ಒಂದೊಂದು ತಕರಾರು. ಅಲ್ಲೇ ಉತ್ತರ ಕೊಟ್ಟಿದ್ದರೆ ಜಗಳವಾಗುತ್ತಿತ್ತು. ಇಪ್ಪತ್ತು ವರ್ಷ ಲ್ಯಾಬಿನಲ್ಲೇ ಕಳೆದವಳು ನಾನು. ಇಲ್ಲಿ ಸಾವಧಾನವಾಗಿ ಹೇಳುತ್ತೇನೆ.

ಉಪನ್ಯಾಸಕರ ಮಾತು: "ಮೇಡಂ, ಅದು ಮೆಡಿಕಲ್ ಸೀಟು ಸಿಗದವರು ಸೇರೋ ಕೋರ್ಸ್ ಅಲ್ವಾ?" ಹೌದು ಸಾರ್, ಬಹಳ ಜನ ಹಾಗೇ ಸೇರುತ್ತಾರೆ. ನಾನೂ ಹಾಗೇ ಸೇರಿದವಳು; ನಮ್ಮ ಕಾಲಕ್ಕೆ ನೀಟ್ ಇರಲಿಲ್ಲ, ಸಿಇಟಿ ಇತ್ತು, ಅಷ್ಟೇ ವ್ಯತ್ಯಾಸ. ಆದರೆ ಲೆಕ್ಕ ನೋಡಿ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಆ ವರ್ಷ ಇಡೀ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು 1 ಲಕ್ಷಕ್ಕಿಂತ ತುಸು ಹೆಚ್ಚು. ಸೀಟು ಸಿಗದಿರುವುದೇ ದಡ್ಡತನವಾದರೆ ಒಂದೇ ದಿನ 22 ಲಕ್ಷ ದಡ್ಡರನ್ನು ಹುಟ್ಟಿಸಿದ ಕೀರ್ತಿ ನಮ್ಮದಾಗುತ್ತದೆ. ಅವರಲ್ಲಿ ಕೆಲವರು ನಿಮ್ಮ ಕ್ಲಾಸಿನ ಮೊದಲ ಬೆಂಚಿನವರೇ.

ಗೇಟಿನ ಬಳಿ ಸಿಕ್ಕ ತಾಯಿಯೊಬ್ಬರು ಕೇಳಿದ್ದು ಇನ್ನೂ ನೇರ: "ರಕ್ತ ಎಳೆಯೋದು ಕಲಿಯೋಕೆ ಅಷ್ಟು ವರ್ಷ ಬೇಕೇನಮ್ಮ?"

ಎಳೆಯುವುದಕ್ಕೆ ಬೇಡ, ಒಂದು ತಿಂಗಳಲ್ಲಿ ಕೈ ಕೂರುತ್ತದೆ. ಮಿಕ್ಕ ವರ್ಷಗಳು ಯಾಕೆ ಬೇಕು ಅನ್ನುವುದಕ್ಕೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ಇಂಟರ್ನ್‌ಶಿಪ್‌ನ ಶುರುವಿನ ದಿನಗಳು. ರೋಗಿಯೊಬ್ಬರ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿಗೆ ತುಂಬಿದೆ. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲಲಿಲ್ಲ. ಮತ್ತೆ ಚುಚ್ಚುವುದೇಕೆ ಪಾಪ ಎಂದು ನೇರಳೆಯಿಂದ ಕೆಂಪಿಗೆ ಸ್ವಲ್ಪ ಬಗ್ಗಿಸಿದೆ. ಪೊಟ್ಯಾಸಿಯಂ 9 ದಾಟಿ ಬಂತು, ಇರಬೇಕಾದದ್ದು 5ರೊಳಗೆ. ಹೃದಯ ನಿಂತು ಹೋಗುವ ಅಂಕಿ ಅದು. ಓಡಿ ಹೋಗಿ ಸೀನಿಯರ್‌ಗೆ ಹೇಳಿದೆ. ಅವರು ಕುರ್ಚಿಯಿಂದ ಏಳಲೇ ಇಲ್ಲ.

"ಪೇಷೆಂಟ್ ಎಲ್ಲಿದ್ದಾರೆ?"

"ಹೊರಗೆ ಬೆಂಚಿನ ಮೇಲೆ ಕಾಫಿ ಕುಡೀತಿದ್ದಾರೆ ಸಾರ್."

"ಕ್ಯಾಲ್ಸಿಯಂ ಎಷ್ಟು ಬಂದಿದೆ ನೋಡು."

ಪಾತಾಳಕ್ಕೆ ಇಳಿದಿತ್ತು. ನೇರಳೆ ಟ್ಯೂಬಿನ ಒಳಗೋಡೆಗೆ ಸವರಿರುವುದು ಇಡಿಟಿಎ, ಅದರ ಪೊಟ್ಯಾಸಿಯಂ ಲವಣ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ರಕ್ತ ಹೆಪ್ಪುಗಟ್ಟುವುದಿಲ್ಲ. ತನ್ನ ಪೊಟ್ಯಾಸಿಯಂ ಅನ್ನು ರಕ್ತಕ್ಕೆ ಬಿಡುತ್ತದೆ. ಎರಡೂ ಅಂಕಿ ಒಟ್ಟಿಗೆ ಹೀಗೆ ಕೆಟ್ಟರೆ ಕಾಯಿಲೆ ರೋಗಿಗಲ್ಲ, ಟ್ಯೂಬಿಗೆ. ಆ ರಿಪೋರ್ಟ್ ವಾರ್ಡಿಗೆ ಹೋಗಿದ್ದರೆ, ಆರೋಗ್ಯವಾಗಿದ್ದವರಿಗೆ ಪೊಟ್ಯಾಸಿಯಂ ಇಳಿಸುವ ಔಷಧಿ ಏರಿಸುತ್ತಿದ್ದರು. ಮೊದಲ ವರ್ಷದ ಬಯೋಕೆಮಿಸ್ಟ್ರಿಯಲ್ಲಿ ಇದನ್ನೇ ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಅರ್ಥವಾದದ್ದು ಆ ದಿನ.

ಇನ್ನು ಭಾವ. ಬ್ಯಾಂಕಿನಲ್ಲಿದ್ದವರು, ಕಂಪ್ಯೂಟರ್ ಬಂದು ಕೌಂಟರುಗಳು ಖಾಲಿಯಾದದ್ದನ್ನು ಕಣ್ಣಾರೆ ಕಂಡವರು. "ಅಲ್ಲ ಕಣಮ್ಮ, ಈಗೆಲ್ಲ ಮಷೀನೇ ಮಾಡುತ್ತಲ್ಲ. ಬಟನ್ ಒತ್ತೋಕೆ ಡಿಗ್ರಿ ಯಾಕೆ?"

ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಉತ್ತರ ಉದ್ದ. ಸೆಲ್ ಕೌಂಟರ್ ಒಂದು ನಿಮಿಷದಲ್ಲಿ ಎಣಿಸುವಷ್ಟನ್ನು ನಾನು ದಿನವಿಡೀ ಕೂತರೂ ಎಣಿಸಲಾರೆ. ಆದರೆ ಅದು ಎಣಿಸುವುದು ಕಣದ ಗಾತ್ರ ನೋಡಿ. ಡೆಂಗೆಯ ಕಾಲದಲ್ಲಿ ಪ್ಲೇಟ್‌ಲೆಟ್ 20 ಸಾವಿರ ಅಂತ ಚೀಟಿ ಬಂದರೆ ಮನೆಮಂದಿಯೆಲ್ಲ ಅಳಲು ಶುರುಮಾಡುತ್ತಾರೆ. ಕೆಲವರ ರಕ್ತದಲ್ಲಿ ಇಡಿಟಿಎ ತಾಗಿದ ಕೂಡಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಮಷೀನಿಗೆ ಆ ಗುಂಪು ಪ್ಲೇಟ್‌ಲೆಟ್ ಅಂತ ಕಾಣುವುದಿಲ್ಲ. ಎಷ್ಟೋ ಸಲ "ಅನುಮಾನ ಇದೆ" ಅಂತ ಒಂದು ಗುರುತು ಹಾಕಿ ಅದು ಕೈತೊಳೆದುಕೊಳ್ಳುತ್ತದೆ. ಆಗ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಲೀಶ್‌ಮನ್ ಬಣ್ಣ ಹಾಕಿ, ಎಣ್ಣೆ ಲೆನ್ಸಿನಡಿ ಸ್ಲೈಡಿನ ಬಾಲದ ಅಂಚಿಗೆ ಹೋಗಬೇಕು. ಅಲ್ಲಿ ನೇರಳೆ ಬಣ್ಣದ ರಾಗಿಕಾಳುಗಳನ್ನು ಬೊಗಸೆಯಿಂದ ಚೆಲ್ಲಿದ ಹಾಗೆ ಗುಂಪುಗಳು ಬಿದ್ದಿರುತ್ತವೆ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಬಂದ ಅಂಕಿಯನ್ನು 1.1ರಿಂದ ಗುಣಿಸಿದರೆ ಒಂದೂವರೆ ಲಕ್ಷ! ಬಟನ್ ಒತ್ತುವವರು 20 ಸಾವಿರ ಅಂತಲೇ ಪ್ರಿಂಟ್ ಕೊಡುತ್ತಾರೆ, ಭಾವ. ಡಿಗ್ರಿ ಇರುವುದು ಆ ಪ್ರಿಂಟನ್ನು ತಡೆದು ನಿಲ್ಲಿಸುವುದಕ್ಕೆ.

"ಎರಡು ವರ್ಷದ ಡಿಪ್ಲೊಮಾ ಸಾಕು" ಅಂದವರಿಗೆ ಹೆಚ್ಚು ಹೇಳುವುದಿಲ್ಲ. ನನಗೆ ಸ್ಲೈಡ್ ಎಳೆಯಲು ಕಲಿಸಿದವರೇ ಡಿಪ್ಲೊಮಾದವರು, ಅವರ ಕೈಗೆ ಈಗಲೂ ನಮಸ್ಕಾರ. ಆದರೆ ಬಾಂಬೆ ಬ್ಲಡ್ ಗ್ರೂಪನ್ನು ನೆನೆಸಿಕೊಳ್ಳಿ; 1952ರಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ಅಲ್ಲೇ ಮುಂಬೈಯಲ್ಲಿ ಗುರುತಿಸಿದ್ದು. ಮಾಮೂಲಿ ಪರೀಕ್ಷೆಗೆ ಅದು ಓ ಗುಂಪಿನ ವೇಷದಲ್ಲೇ ಬರುತ್ತದೆ. ಅಂಥವರ ಸೀರಮ್ ಓ ಗುಂಪಿನ ಕಣಗಳನ್ನೂ ಗಂಟುಕಟ್ಟಿಸುತ್ತದೆ. ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಟ್ಯೂಬಿನಲ್ಲಿ ಬೇಡದ ಗಂಟು ಕಂಡಾಗ "ಏನೋ ಕೊಳಕು ಸೇರಿರಬೇಕು" ಅನ್ನದೆ ಓ ಗುಂಪಿನ ಕಣಗಳಲ್ಲಿರುವ ಎಚ್ ಆ್ಯಂಟಿಜೆನ್ ಈ ರಕ್ತದಲ್ಲಿ ಇದೆಯೋ ಇಲ್ಲವೋ ಎಂದು ಯೋಚಿಸಲು ಇಮ್ಯುನಾಲಜಿ ಬುಡದಿಂದ ಗೊತ್ತಿರಬೇಕು.

ಕೊನೆಯದು ಸಂಬಳದ ಪ್ರಶ್ನೆ. ಗೇಟಿನ ಬಳಿಯ ತಂದೆಯೊಬ್ಬರು ಎತ್ತಿದ್ದು, ಇಲ್ಲಿ ನನ್ನ ಹತ್ತಿರ ಗೆಲ್ಲುವ ಉತ್ತರವಿಲ್ಲ. ಸಣ್ಣ ಊರುಗಳ ಖಾಸಗಿ ಲ್ಯಾಬುಗಳು ಕೊಡುವುದು ನಾಚಿಕೆಗೇಡಿನ ಸಂಬಳ. 2021ರಲ್ಲಿ ಸಂಸತ್ತು ನಮ್ಮಂಥ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು, ನೋಂದಣಿಯ ಮಾತು ಬಂತು. ಕಾಯ್ದೆಯಿಂದ ಜೇಬು ತುಂಬುವುದಿಲ್ಲ. ಬ್ರಿಟನ್ನಿನಲ್ಲಿ ನಮ್ಮ ಕೆಲಸದವರ ಹೆಸರು ಬಯೋಮೆಡಿಕಲ್ ಸೈಂಟಿಸ್ಟ್; ನೋಂದಣಿ ಇಲ್ಲದವರು ಹಾಗೆಂದು ಹೇಳಿಕೊಳ್ಳುವುದೇ ಅಪರಾಧ. ಆ ಹೆಸರಿಗೆ ಅಷ್ಟು ಬೆಲೆ. ಅಲ್ಲಿಗೆ ಹೋಗುವ ನಮ್ಮ ಮಕ್ಕಳು ತಮ್ಮ ಓದು, ಅನುಭವ ಎರಡನ್ನೂ ಒರೆಗೆ ಹಚ್ಚಿಸಿಕೊಂಡೇ ನೋಂದಣಿ ಪಡೆಯಬೇಕು. ವಿಮಾನ ಹತ್ತಿದ ಕೂಡಲೇ ಕೆಲಸ ಎಂದು ಏಜೆಂಟರು ಹೇಳಿದರೆ ನಂಬಬೇಡಿ.

ಹಾಗೆಯೇ ಎಲ್ಲ ಕಾಲೇಜುಗಳನ್ನೂ ನಂಬಬೇಡಿ. ಇದು ವಿರೋಧಿಗಳು ಎತ್ತಬೇಕಿದ್ದ, ಆದರೆ ಯಾರೂ ಎತ್ತದ ತಕರಾರು. ಫೀಸು ಕಟ್ಟುವ ಮೊದಲು ಮಗುವನ್ನು ಕರೆದುಕೊಂಡು ಅವರ ಹೆಮಟಾಲಜಿ ಲ್ಯಾಬಿಗೆ ಹೋಗಿ. ಮೈಕ್ರೋಸ್ಕೋಪುಗಳು ಸಾಲಾಗಿ ಹೊಳೆಯುತ್ತಿರುತ್ತವೆ, ಅದಕ್ಕೆ ಮರುಳಾಗಬೇಡಿ. ಪಕ್ಕದಲ್ಲಿಟ್ಟ ಇಮ್ಮರ್ಷನ್ ಆಯಿಲ್ ಬಾಟಲಿಯನ್ನು ಕೈಗೆತ್ತಿಕೊಂಡು, ಅದರ ಸೀಲು ಒಡೆದಿದೆಯೇ ನೋಡಿ.