ಕೆಲಸ ಮೂರು, ಹುದ್ದೆ ಮಾತ್ರ ‘ಹೆಲ್ಪರ್’

ಹಾಸ್ಟೆಲ್‌ನಲ್ಲಿರುವ ಯಾರನ್ನೇ ಕೇಳಿ. ಗೀಸರ್ ಕೆಟ್ಟರೂ, ಫ್ಲಶ್ ಸೋರಿದರೂ, ಬಾಗಿಲ ಚಿಲಕ ಕಿತ್ತುಬಂದರೂ ಬರೋದು ಒಬ್ಬರೇ ಅಣ್ಣ. ನಾವು ಅವರನ್ನ ‘ಮೇಂಟೆನೆನ್ಸ್ ಅಣ್ಣ’ ಅಂತೀವಿ. ಎಷ್ಟೋ ಕಡೆ ಗುತ್ತಿಗೆದಾರರ ಸಂಬಳದ ಪಟ್ಟಿಯಲ್ಲಿ ಇಂಥವರ ಹೆಸರಿನ ಮುಂದೆ ಇರೋದು ‘ಹೆಲ್ಪರ್’ ಅಂತ. ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ ಮೂವರ ಕೆಲಸ ಒಬ್ಬರ ಕೈಲಿ ಮಾಡಿಸಿ, ಮೂವರಿಗಿಂತಲೂ ಕೆಳಗಿನ ದರ್ಜೆಯಲ್ಲಿ ಸಂಬಳ ಕೊಡೋದು ಸರಿಯಲ್ಲ ಅನ್ನೋದು ನಮ್ಮ ವಾದ.

ಇದು ಹಾಸ್ಟೆಲ್‌ಗೆ ಮುಗಿಯೋ ವಿಷಯವಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲೂ ವಿಲ್ಲಾ, ಅಪಾರ್ಟ್‌ಮೆಂಟ್, ಹೋಟೆಲುಗಳು ಎದ್ದಿವೆ. ಹೊಸಕೋಟೆ, ನೆಲಮಂಗಲದ ಹೆದ್ದಾರಿ ಬದಿಯಲ್ಲಿ ಗೋದಾಮುಗಳು, ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿವೆ. ಕಟ್ಟಡ ಕಟ್ಟೋಕೆ ಎರಡು-ಮೂರು ವರ್ಷ ಸಾಕು; ಅದನ್ನ ನೋಡಿಕೊಳ್ಳೋ ಕೆಲಸ ಹತ್ತಾರು ವರ್ಷ ಇರುತ್ತೆ.

ಕನಿಷ್ಠ ವೇತನದ ಲೆಕ್ಕದಲ್ಲಿ ಕೆಲಸಗಾರರಿಗೆ ನಾಲ್ಕು ದರ್ಜೆಗಳಿವೆ: ಅಕುಶಲ, ಅರೆಕುಶಲ, ಕುಶಲ, ಅತಿಕುಶಲ. ಹಲವು ಕೆಲಸ ಬಲ್ಲವರಿಗೆ ಈ ಪಟ್ಟಿಯಲ್ಲಿ ಬೇರೆ ಖಾನೆ ಇಲ್ಲ. ಹಾಗಂತ ಕಾನೂನು ಅವರನ್ನ ಪೂರ್ತಿ ಮರೆತಿಲ್ಲ. ಬೇರೆ ಬೇರೆ ದರದ ಎರಡು-ಮೂರು ಬಗೆಯ ಕೆಲಸವನ್ನ ಒಬ್ಬರೇ ಮಾಡಿದರೆ, ಒಂದೊಂದಕ್ಕೂ ಹಿಡಿದ ಸಮಯಕ್ಕೆ ಆಯಾ ದರಕ್ಕಿಂತ ಕಡಿಮೆಯಾಗದಂತೆ ಕೊಡಬೇಕು ಅಂತ 1948ರ ಕನಿಷ್ಠ ವೇತನ ಕಾಯ್ದೆಯ 16ನೇ ಕಲಮೇ ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯ 11ನೇ ಕಲಂನಲ್ಲೂ ಅದೇ ಮಾತಿದೆ. ಅಂದರೆ ಎಂಟು ಗಂಟೆಯಲ್ಲಿ ಮೂರು ಗಂಟೆ ವೈರಿಂಗ್ ಮಾಡಿದರೆ, ಆ ಮೂರು ಗಂಟೆಗಾದರೂ ಕುಶಲ ಕೆಲಸದ ದರ ಸಿಗಲೇಬೇಕು.

ಆದರೆ ಗಂಟೆ ಬರೆದಿಡೋರು ಯಾರು? ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಇರುತ್ತೆ, ಮಾಡಿದ ಕೆಲಸ ಇರಲ್ಲ. ಅದು ಇರೋದು ದೂರಿನ ರಿಜಿಸ್ಟರ್‌ನಲ್ಲಿ, ಇಲ್ಲಾ ಆ್ಯಪ್‌ನಲ್ಲಿ. ಯಾವ ರೂಮು, ಏನು ರಿಪೇರಿ, ಎಷ್ಟಕ್ಕೆ ದೂರು ಬಂತು, ಎಷ್ಟಕ್ಕೆ ಮುಗೀತು ಎಲ್ಲ ಅಲ್ಲಿ ದಾಖಲಾಗುತ್ತೆ. ಕೆಲಸ ತಡವಾದರೆ ಬೈಯೋಕೆ ಆಗುವ ಲೆಕ್ಕ, ಸಂಬಳ ಕೊಡೋಕೆ ಯಾಕಾಗಬಾರದು?

“ಅವರ ಹತ್ರ ಐಟಿಐ ಸರ್ಟಿಫಿಕೇಟ್ ಇಲ್ವಲ್ಲ” ಅಂತಾರೆ. ಸರ್ಟಿಫಿಕೇಟ್ ಇಲ್ಲ ಅಂತ ಸುಟ್ಟ ಎಂಸಿಬಿ ಬದಲಿಸೋ ಕೆಲಸವನ್ನ ಅವರಿಗೆ ಹೇಳದೆ ಬಿಡ್ತಾರಾ? ಕೆಲಸಕ್ಕೆ ಒಪ್ಪುವ ಕೌಶಲ ಸಂಬಳಕ್ಕೂ ಒಪ್ಪಬೇಕು. “ದಿನವೆಲ್ಲಾ ಕೆಲಸ ಇರಲ್ಲ” ಅನ್ನೋದು ಇನ್ನೊಂದು ವಾದ. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಹಲವು ಕೆಲಸ ಬಲ್ಲವರ ಬೆಲೆ ಇರೋದು ಕರೆದಾಗ ಸಿಗೋದರಲ್ಲಿ. ಸೋರಿದ ನೀರು ಸ್ವಿಚ್‌ಬೋರ್ಡಿಗೆ ಇಳೀತಿದೆ ಅಂತ ಗೊತ್ತುಮಾಡಿಕೊಂಡು ಮೊದಲು ಮೇನ್ ಆಫ್ ಮಾಡೋರು ಎರಡೂ ಕೆಲಸ ಬಲ್ಲವರೇ. ಆ ತಿಳಿವಳಿಕೆಯನ್ನ ನಿಮಿಷದಲ್ಲಿ ಅಳೆಯೋಕಾಗಲ್ಲ. ಹಾಗಾಗಿ ಗಂಟೆ ಲೆಕ್ಕ ಕನಿಷ್ಠ ಮಾತ್ರ. ನಿತ್ಯ ಮಾಡಿಸುವ ಕೆಲಸಗಳಲ್ಲಿ ಯಾವುದು ಮೇಲಿನ ದರ್ಜೆಯದೋ ಅದರ ದರವೇ ಮೂಲ ಸಂಬಳವಾಗಲಿ, ಉಳಿದ ಕೌಶಲಗಳಿಗೆ ಭತ್ಯೆ ಸೇರಲಿ.

ಹುದ್ದೆಯ ಹೆಸರೂ ಬದಲಾಗಲಿ. ಹತ್ತು ವರ್ಷ ದುಡಿದವರು ಬೇರೆ ಕಡೆ ಕೆಲಸ ಕೇಳೋಕೆ ಹೋದಾಗ ಅನುಭವ ಪತ್ರದಲ್ಲಿ ‘ಹೆಲ್ಪರ್’ ಅಂತಿದ್ದರೆ, ಅಲ್ಲೂ ಸೊನ್ನೆಯಿಂದ ಶುರು. ಪಿಎಫ್, ಗ್ರಾಚ್ಯುಟಿ ಲೆಕ್ಕ ಹಾಕೋದೂ ಸಂಬಳದ ಮೇಲೆಯೇ. ಇವತ್ತಿನ ದರ್ಜೆ ಅವರ ಮುಪ್ಪಿನವರೆಗೂ ಹಿಂಬಾಲಿಸುತ್ತೆ.

ಹಾಗೇ ‘ಎಲ್ಲ ಕೆಲಸ ಬಲ್ಲವರು’ ಅನ್ನೋದಕ್ಕೂ ಗಡಿ ಬೇಕು. ಪರ್ಮಿಟ್ ಇಲ್ಲದವರನ್ನ ಹೈ ಟೆನ್ಷನ್ ಪ್ಯಾನೆಲ್ ಹತ್ರ ಕಳಿಸಬಾರದು. ರಕ್ಷಣಾ ಸಲಕರಣೆ ಇಲ್ಲದೆ ಸೆಪ್ಟಿಕ್ ಟ್ಯಾಂಕ್, ಒಳಚರಂಡಿಗೆ ಯಾರನ್ನೂ ಇಳಿಸಬಾರದು. ಅದನ್ನ 2013ರ ಕಾಯ್ದೆಯೇ ನಿಷೇಧಿಸಿದೆ. ಭತ್ಯೆ ಕೊಟ್ಟ ಮಾತ್ರಕ್ಕೆ ಈ ಗಡಿ ದಾಟೋ ಹಾಗಿಲ್ಲ.

ಇಷ್ಟೆಲ್ಲಾ ನಾವು ಯಾಕೆ ಬರೀಬೇಕು ಅಂದರೆ, ನಾಳೆ ಸೈಟ್ ಎಂಜಿನಿಯರ್, ಫೆಸಿಲಿಟಿ ಮ್ಯಾನೇಜರ್ ಆಗೋರು ನಾವೇ. ಮೇಂಟೆನೆನ್ಸ್ ಟೆಂಡರ್‌ನಲ್ಲಿ ‘ಕುಶಲ – 1, ಅಕುಶಲ – 6’ ಅಂತ ತುಂಬೋ ಕೈ ನಮ್ಮದೇ ಆಗಿರುತ್ತೆ. ಆ ಆರು ಜನ ದಿನವಿಡೀ ನಿಜಕ್ಕೂ ಏನು ಮಾಡ್ತಾರೆ ಅಂತ ಕೇಳಿಕೊಂಡು ಆಮೇಲೆ ಅಂಕಿ ಬರೆಯೋಣ.